ಕೆಡಿಸುವವನಿಗೆ ಕೇಳಿಸುವುದಿಲ್ಲ: ರೇಡಿಯೊ ಚಾನೆಲ್‌ಗಳ ಹೊಂದಾಣಿಕೆ ನಡೆಯುವ ಬಗೆ

ಎರಡು ಬೆಟ್ಟಗಳಿವೆ ಎಂದುಕೊಳ್ಳಿ. ನಡುವೆ 70 ಕಿಲೋಮೀಟರ್ ಬಯಲು. ಒಂದು ಬೆಟ್ಟದ ಮೇಲೆ ಆಂಬುಲೆನ್ಸ್ ಸೇವೆಯವರ ರಿಪೀಟರ್ ಇದೆ. ಅಂದರೆ, ದೂರದ ವಾಹನಗಳ ಕ್ಷೀಣ ಸಂಕೇತವನ್ನು ಒಂದು ಕಂಪನಾಂಕದಲ್ಲಿ (ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ) ಹಿಡಿದು, ಇನ್ನೊಂದು ಕಂಪನಾಂಕದಲ್ಲಿ ಜೋರಾಗಿ ಮತ್ತೆ ಬಿತ್ತರಿಸುವ ಪೆಟ್ಟಿಗೆ. ಇನ್ನೊಂದು ಬೆಟ್ಟದ ಮೇಲೆ ಗಣಿಯವರು ತಮ್ಮ ಲಾರಿಗಳಿಗಾಗಿ ಅಂಥದ್ದೇ ಪೆಟ್ಟಿಗೆ ಇಟ್ಟಿದ್ದಾರೆ. ಇಬ್ಬರದೂ ಒಂದೇ ಚಾನೆಲ್, ಅಂದರೆ ಅವೇ ಕಂಪನಾಂಕಗಳು. ಆಂಬುಲೆನ್ಸ್ ಬಯಲಿನ ನಡುವೆ ಓಡುತ್ತಿರುವಾಗ ಚಾಲಕನಿಗೆ ವಿಳಾಸದ ಅರ್ಧ ಕೇಳಿಸುತ್ತದೆ; ಉಳಿದರ್ಧದ ಜಾಗದಲ್ಲಿ ಯಾವುದೋ ಲಾರಿಗೆ ಡೀಸೆಲ್ ತುಂಬಿಸುವ ಮಾತು.

ಈಗ ಗಣಿಯ ಕಚೇರಿಗೆ ಹೋಗಿ ಕೇಳಿ. ಅಲ್ಲಿ ಎಲ್ಲವೂ ಸರಿಯಾಗಿದೆ. ಅವರ ರೇಡಿಯೊ ಸ್ಪಷ್ಟವಾಗಿ ಮಾತಾಡುತ್ತಿದೆ, ಲೈಸೆನ್ಸ್ ಗೋಡೆಯ ಮೇಲಿದೆ, ಉಪಕರಣ ಹೊಸದು. ಅವರಿಂದ ಯಾರಿಗಾದರೂ ತೊಂದರೆಯಾಗುತ್ತಿದೆ ಎಂದು ಹೇಳಬಲ್ಲ ಒಂದೇ ಒಂದು ಸದ್ದು ಅವರ ಕಿವಿಗೆ ಬೀಳುವುದಿಲ್ಲ. ಆಂಬುಲೆನ್ಸ್ ಚಾಲಕನಿಗೋ ಕೆಡಿಸುತ್ತಿರುವವರು ಯಾರು, ಎಲ್ಲಿದ್ದಾರೆ ಎಂಬುದು ಗೊತ್ತಿಲ್ಲ. ರೇಡಿಯೊ ಅಡಚಣೆಯ ವಿಚಿತ್ರ ಗುಣವೇ ಇದು: ಅದು ಹುಟ್ಟುವುದು ಕಳಿಸುವ ಕಡೆಯಲ್ಲಲ್ಲ, ಕೇಳುವ ಕಡೆಯಲ್ಲಿ. ಆಕಾಶದಲ್ಲಿ ಎರಡು ಅಲೆಗಳು ಒಂದನ್ನೊಂದು ಹಾದುಹೋದರೆ ಯಾವುದಕ್ಕೂ ಗಾಯವಾಗುವುದಿಲ್ಲ. ಒಂದೇ ಆಂಟೆನಾದೊಳಗೆ ಎರಡೂ ಇಳಿದಾಗಷ್ಟೇ, ಯಾವುದು ತನಗೆ ಬೇಕಾದದ್ದು ಎಂದು ತಿಳಿಯದೆ ರಿಸೀವರ್ ತಡವರಿಸುತ್ತದೆ.

ಹಾಗಾಗಿ ಈ ವಿಷಯದಲ್ಲಿ ಒಳ್ಳೆಯತನವೊಂದೇ ಸಾಲದು. ಎಷ್ಟೇ ಜಾಗರೂಕನಾದ ಆಪರೇಟರ್ ಆದರೂ ತಾನು ಮಾಡುತ್ತಿರುವ ಹಾನಿಯನ್ನು ತಾನೇ ಕಂಡುಕೊಳ್ಳಲಾರ. ಸ್ವಿಚ್ ಒತ್ತುವ ಮೊದಲೇ ಯಾರು ಎಲ್ಲಿ ಕೇಳುತ್ತಿದ್ದಾರೆ ಎಂದು ತಿಳಿದಿರಬೇಕು, ಅದನ್ನು ಲೆಕ್ಕ ಹಾಕಿರಬೇಕು, ಅವರೊಂದಿಗೆ ಮಾತಾಡಿರಬೇಕು. ಇದಕ್ಕೆ ಕಂಪನಾಂಕ ಸಮನ್ವಯ ಎಂದು ಹೆಸರು.

ಪದದ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳು ‘ತರಂಗಾಂತರ ಹರಾಜು’ ಎಂದು ಬರೆಯುತ್ತವೆ. ತರಂಗಾಂತರವೆಂದರೆ ಅಲೆಯ ಎರಡು ಶಿಖರಗಳ ನಡುವಿನ ಅಂತರ, ಅಂದರೆ ಉದ್ದದ ಅಳತೆ. ಹರಾಜಾಗುವುದು ಕಂಪನಾಂಕಗಳ ಪಟ್ಟಿ, ಅಂದರೆ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂಬ ಹರವು. ಎರಡೂ ಒಂದೇ ಅಲೆಯ ಎರಡು ಲೆಕ್ಕಗಳಾದ್ದರಿಂದ ದೊಡ್ಡ ತಪ್ಪೇನಲ್ಲ. ಆದರೂ ಈ ಲೇಖನದಲ್ಲಿ ಕಂಪನಾಂಕ ಎಂದೇ ಬಳಸುತ್ತೇನೆ.

ಕೇಳುವ ಕಡೆಯ ಸೂಕ್ಷ್ಮತೆ ಎಷ್ಟೆಂದು ಅಂಕಿಯಲ್ಲಿ ನೋಡಿದರೆ ಸಮಸ್ಯೆಯ ಆಳ ತಿಳಿಯುತ್ತದೆ. ಬೆಟ್ಟದ ಮೇಲಿನ ಸಾಧಾರಣ ರಿಪೀಟರ್ 50 ವ್ಯಾಟ್ ಶಕ್ತಿಯಲ್ಲಿ ಬಿತ್ತರಿಸುತ್ತದೆ ಎನ್ನೋಣ. ಒಳ್ಳೆಯ ವಾಕಿಟಾಕಿಯೊಂದು ಸುಮಾರು 0.35 ಮೈಕ್ರೊವೋಲ್ಟ್‌ನಷ್ಟು ಸಂಕೇತ ಸಿಕ್ಕರೂ ಮಾತನ್ನು ಬಿಡಿಸಿಕೊಳ್ಳುತ್ತದೆ. ಈ ಎರಡರ ಶಕ್ತಿಗಳ ನಡುವಿನ ಅನುಪಾತ, ಕೋಟಿಯನ್ನು ಕೋಟಿಯಿಂದ ಗುಣಿಸಿ ಮತ್ತೆ ಇನ್ನೂರರಿಂದ ಗುಣಿಸಿದಷ್ಟು. ಇಷ್ಟು ಚುರುಕಾದ ಕಿವಿಗೆ ಬೇಕಾದದ್ದು ಕೇಳಿಸುವಂತೆಯೇ ಬೇಡದ್ದೂ ಕೇಳಿಸುತ್ತದೆ. ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತವಂತೂ ನೆಲ ಮುಟ್ಟುವ ಹೊತ್ತಿಗೆ ರಿಸೀವರ್‌ನೊಳಗಿನ ಸಹಜ ಗೊಜಗೊಜ ಸದ್ದಿಗಿಂತಲೂ ಕೆಳಗಿರುತ್ತದೆ. ಗಣಿತದ ಬಲದಿಂದ ಅದನ್ನು ಹೆಕ್ಕಿ ತೆಗೆಯಬೇಕು.

ಇದರ ಜೊತೆಗೆ ದೂರದ ಲೆಕ್ಕ. ವಾಹನಗಳ ರೇಡಿಯೊ ಬಳಸುವ ಅಲೆಗಳು ಹೆಚ್ಚೂಕಡಿಮೆ ನೇರ ಹೋಗುತ್ತವೆ, ಭೂಮಿಯ ಬಾಗಿನ ಆಚೆಗೆ ಕ್ಷೀಣಿಸುತ್ತವೆ. ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದ ಆಂಟೆನಾಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ವಾಹನ ಸುಮಾರು 46 ಕಿಲೋಮೀಟರ್‌ವರೆಗೆ ಕಾಣುತ್ತದೆ. ನಮ್ಮ ಎರಡು ಬೆಟ್ಟಗಳ ನಡುವೆ, ಎರಡರಿಂದಲೂ 35 ಕಿಲೋಮೀಟರ್ ದೂರದಲ್ಲಿದ್ದ ಆಂಬುಲೆನ್ಸ್ ಎರಡಕ್ಕೂ ಕಂಡದ್ದು ಹಾಗೆಯೇ. ಕೆಲವು ದಿನ ಈ ಲೆಕ್ಕವೂ ಕೈಕೊಡುತ್ತದೆ. ಬಿಸಿಗಾಳಿಯ ಪದರವೊಂದು ತಂಪುಗಾಳಿಯ ಮೇಲೆ ಮುಚ್ಚಳದಂತೆ ಕೂತಾಗ ಅಲೆಗಳು ಅದರಡಿ ಕೊಳವೆಯೊಳಗಿನ ನೀರಿನಂತೆ ಹರಿದು ನೂರಾರು ಕಿಲೋಮೀಟರ್ ಆಚೆ ಹೊಮ್ಮುತ್ತವೆ. ಸಮುದ್ರದ ಮೇಲೆ ಇದು ಹೆಚ್ಚು. ಅಂಥ ದಿನದ ಅಡಚಣೆಗೆ ಯಾರನ್ನೂ ದೂರುವಂತಿಲ್ಲ.

ಮನುಷ್ಯರು ಈ ಪಾಠ ಕಲಿತದ್ದು ಸುಲಭವಾಗಿಯೇನಲ್ಲ. ಬರ್ಲಿನ್‌ನಲ್ಲಿ 1906ರಲ್ಲೇ ರೇಡಿಯೊ ತಂತಿಯ ಕುರಿತ ಅಂತರರಾಷ್ಟ್ರೀಯ ಒಪ್ಪಂದ ಆಗಿತ್ತು. ಆದರೆ ಆಗಿನ ಹಡಗುಗಳ ಟ್ರಾನ್ಸ್‌ಮಿಟರ್‌ಗಳು ಕಿಡಿ ಹಾರಿಸಿ ಅಲೆ ಎಬ್ಬಿಸುವಂಥವು. ಅವು ಒಂದೇ ಕಂಪನಾಂಕಕ್ಕೆ ಕಟ್ಟುಬೀಳದೆ ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತಿದ್ದವು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಆಪರೇಟರ್, ದೂರದ ಕೇಪ್ ರೇಸ್ ಕೇಂದ್ರದ ಜೊತೆ ಪ್ರಯಾಣಿಕರ ಸಂದೇಶಗಳ ವ್ಯವಹಾರದಲ್ಲಿ ಮುಳುಗಿದ್ದ. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗು, ಮಂಜುಗಡ್ಡೆಯ ನಡುವೆ ನಿಂತಿದ್ದೇವೆಂದು ಹೇಳಲು ನಡುವೆ ಬಾಯಿ ಹಾಕಿತು. ಹತ್ತಿರದ ಆ ಸಂಕೇತ ಕಿವಿಗಡಚಿಕ್ಕುವಷ್ಟು ಜೋರಾಗಿತ್ತು. ಸುಮ್ಮನಿರು, ಕೆಲಸದಲ್ಲಿದ್ದೇನೆ ಎಂದು ಈತ ಗದರಿದ. ಕ್ಯಾಲಿಫೋರ್ನಿಯನ್‌ನ ಆಪರೇಟರ್ ಸ್ವಲ್ಪ ಹೊತ್ತಿಗೆ ಯಂತ್ರ ಆರಿಸಿ ಮಲಗಿದ. ಅದಾದ ಕೆಲವೇ ನಿಮಿಷಕ್ಕೆ ಟೈಟಾನಿಕ್ ಮಂಜುಗಡ್ಡೆಗೆ ಬಡಿಯಿತು. ಈ ಕಥೆಯಲ್ಲಿ ಎಲ್ಲರೂ ಆಪರೇಟರ್‌ನ ಸಿಡುಕನ್ನು ನೆನೆಯುತ್ತಾರೆ. ನನಗೆ ಕಾಣುವುದು ಬೇರೆ: ದೂರದ ಸಣ್ಣ ದನಿಗೆ ಕಿವಿಗೊಟ್ಟವನ ಪಕ್ಕದಲ್ಲೇ ಯಾರೋ ಕೂಗಿದಾಗ ಆಗುವ ಅಡಚಣೆ. ಈಗಿನ ಎಂಜಿನಿಯರ್‌ಗಳೂ ಇದರ ಜೊತೆ ದಿನಾ ಗುದ್ದಾಡುತ್ತಾರೆ.

ಅಮೆರಿಕದಲ್ಲಿ ಅದೇ ವರ್ಷ ರೇಡಿಯೊ ಕಾಯ್ದೆ ಬಂತು. ಆದರೆ 1926ರಲ್ಲಿ ಜೆನಿತ್ ಕಂಪನಿಯ ಷಿಕಾಗೊ ಬಾನುಲಿ ಕೇಂದ್ರ, ಕೆನಡಾಕ್ಕೆಂದು ಬಿಟ್ಟುಕೊಟ್ಟಿದ್ದ ಕಂಪನಾಂಕಕ್ಕೆ ಹಾರಿತು. ಮೊಕದ್ದಮೆಯಲ್ಲಿ ನ್ಯಾಯಾಲಯ, ಯಾರು ಎಲ್ಲಿ ಬಿತ್ತರಿಸಬೇಕೆಂದು ಹೇಳುವ ಅಧಿಕಾರ ವಾಣಿಜ್ಯ ಕಾರ್ಯದರ್ಶಿಗೆ ಇಲ್ಲ ಎಂದುಬಿಟ್ಟಿತು. ಮುಂದಿನ ಕೆಲವು ತಿಂಗಳು ಬೇಕಾದವರು ಬೇಕಾದಲ್ಲಿ ಬೇಕಾದಷ್ಟು ಶಕ್ತಿಯಲ್ಲಿ ಕೂಗಿದರು. ಹಲವು ಊರುಗಳಲ್ಲಿ ರೇಡಿಯೊ ಹಚ್ಚಿದರೆ ಸಿಳ್ಳೆ, ಕಿರಿಚಾಟ. 1927ರ ಫೆಬ್ರುವರಿಯಲ್ಲಿ ಹೊಸ ಕಾಯ್ದೆ ತಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಇಂದು ಈ ವ್ಯವಸ್ಥೆಗೆ ಮೂರು ಅಂತಸ್ತು. ಮೇಲಿನದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. 1865ರಲ್ಲಿ ತಂತಿ ಕಳಿಸುವ ದೇಶಗಳ ಕೂಟವಾಗಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು. ಅದರ ರೇಡಿಯೊ ನಿಯಮಾವಳಿ ದೇಶದೇಶಗಳ ನಡುವಿನ ಒಪ್ಪಂದ. ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿ, ಯಾವ ಕಂಪನಾಂಕದ ಪಟ್ಟಿ ವಿಮಾನಯಾನಕ್ಕೆ, ಯಾವುದು ಉಪಗ್ರಹಕ್ಕೆ, ಯಾವುದು ಮೊಬೈಲ್‌ಗೆ ಎಂದು ಹಂಚುತ್ತದೆ. ಒಂದೇ ಪಟ್ಟಿಯಲ್ಲಿ ಇಬ್ಬರಿದ್ದರೆ ಒಬ್ಬರು ಪ್ರಧಾನ, ಇನ್ನೊಬ್ಬರು ಗೌಣ ಆಗಿರಬಹುದು. ಗೌಣ ಬಳಕೆದಾರ ಪ್ರಧಾನನಿಗೆ ತೊಂದರೆ ಕೊಡುವಂತಿಲ್ಲ, ಅವನಿಂದ ತೊಂದರೆಯಾದರೆ ದೂರುವಂತೆಯೂ ಇಲ್ಲ. ಈ ಒಪ್ಪಂದಗಳ ಗುರುತು ನಿಮ್ಮ ಮನೆಯ ಹಳೆಯ ರೇಡಿಯೊದಲ್ಲೇ ಸಿಗುತ್ತದೆ: ಏಷ್ಯಾ, ಯುರೋಪ್, ಆಫ್ರಿಕಾಗಳ ಮೀಡಿಯಂ ವೇವ್ ಕೇಂದ್ರಗಳ ಕಿಲೋಹರ್ಟ್ಸ್ ಅಂಕಿಯನ್ನು 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. 1975ರ ಜಿನೀವಾ ಯೋಜನೆ ಚಾನೆಲ್‌ಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಜೋಡಿಸಿದ್ದರ ಫಲ ಅದು. ಅಮೆರಿಕ ಖಂಡಗಳಲ್ಲಿ ಆ ಅಂತರ 10.

ನಡುವಿನ ಅಂತಸ್ತು ಆಯಾ ದೇಶದ ಸರ್ಕಾರ. ಲೈಸೆನ್ಸ್ ಕೊಡುವುದು ಅದು. ಕೆಳಗಿನದು ನಮ್ಮ ಎರಡು ಬೆಟ್ಟಗಳ ಅಂತಸ್ತು. ಹಂಚಿಕೆ, ಲೈಸೆನ್ಸ್ ಎಲ್ಲ ಮುಗಿದ ಮೇಲೂ ‘ಈ ಬೆಟ್ಟದ ಮೇಲೆ, ಈ ಎತ್ತರದಲ್ಲಿ, ಈ ಚಾನೆಲ್’ ಎಂಬ ಪ್ರಶ್ನೆ ಉಳಿಯುತ್ತದೆ. ನಿಜವಾದ ಸಮನ್ವಯ ನಡೆಯುವುದು ಇಲ್ಲೇ. ಕೆಲವೆಡೆ ಇದನ್ನು ಸರ್ಕಾರದ ಕಚೇರಿಯೇ ಮಾಡುತ್ತದೆ, ಕೆಲವೆಡೆ ಬಳಕೆದಾರರ ಸಂಘಗಳು. ಹವ್ಯಾಸಕ್ಕಾಗಿ ರೇಡಿಯೊ ನಡೆಸುವ ಹ್ಯಾಮ್‌ಗಳಲ್ಲಿ ಸಂಬಳವಿಲ್ಲದ ಸ್ವಯಂಸೇವಕರು.

ಸಮನ್ವಯಕಾರನ ಮುಂದೆ ಒಂದು ಅರ್ಜಿ ಬಂತೆನ್ನಿ. ಅವನು ಮೊದಲು ಕೇಳುವುದು ಆಂಟೆನಾ ಎಲ್ಲಿದೆ ಎಂದು, ಅಕ್ಷಾಂಶ ರೇಖಾಂಶಗಳ ಸಮೇತ. ನೆಲದಿಂದ ಎಷ್ಟು ಎತ್ತರ, ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರ, ಎಷ್ಟು ಶಕ್ತಿ, ಆಂಟೆನಾ ಎಲ್ಲ ದಿಕ್ಕಿಗೂ ಸಮವಾಗಿ ಹರಡುತ್ತದೆಯೋ ಒಂದೇ ಕಡೆ ಬಾಗಿದೆಯೋ. ಆಮೇಲೆ ಭೂಮಿಯ ಏರಿಳಿತದ ನಕ್ಷೆಯ ಮೇಲೆ ಲೆಕ್ಕ ಹೂಡಿ ಎರಡು ಗೆರೆ ಎಳೆಯುತ್ತಾನೆ. ಒಳಗಿನ ಗೆರೆಯವರೆಗೆ ಸಂಕೇತ ಉಪಯೋಗಕ್ಕೆ ಬರುತ್ತದೆ. ಹೊರಗಿನ ಗೆರೆಯವರೆಗೆ ಉಪಯೋಗಕ್ಕೆ ಬರುವುದಿಲ್ಲ, ಆದರೆ ಬೇರೆಯವರನ್ನು ಕೆಡಿಸಲು ಸಾಕು. ಹೊಸಬನ ಹೊರಗೆರೆ ಹಳಬನ ಒಳಗೆರೆಯನ್ನು ಮುಟ್ಟಬಾರದು. ಹಳಬನ ಹೊರಗೆರೆ ಹೊಸಬನ ಒಳಗೆರೆಯನ್ನೂ ಮುಟ್ಟಬಾರದು. ಈ ಹೊರಗೆರೆಯೇ ಅರ್ಜಿದಾರರಿಗೆ ಅರ್ಥವಾಗದ ಭಾಗ. ‘ನನ್ನ ರೇಡಿಯೊ ಅಲ್ಲಿವರೆಗೆ ಕೇಳಿಸುವುದೇ ಇಲ್ಲ, ಅಲ್ಲಿನವರಿಗೇನು ತೊಂದರೆ?’ ಎಂದು ಜಗಳಕ್ಕೆ ಬರುತ್ತಾರೆ. ಮಾತು ಕೇಳಿಸದಷ್ಟು ಕ್ಷೀಣವಾದದ್ದೂ ಇನ್ನೊಬ್ಬರ ಕ್ಷೀಣ ಮಾತನ್ನು ಮುಳುಗಿಸಬಲ್ಲದು.

ಚಾನೆಲ್ ಒಂದೇ ಆಗದಿದ್ದರೂ ತೊಂದರೆ ತಪ್ಪಿದ್ದಲ್ಲ. ಪಕ್ಕದ ಚಾನೆಲ್‌ನ ಅಂಚು ಸ್ವಲ್ಪ ಈಚೆಗೆ ಚೆಲ್ಲುತ್ತದೆ, ಬೇಡದ್ದನ್ನು ತಡೆಯುವ ರಿಸೀವರ್‌ನ ಫಿಲ್ಟರ್ ಕೂಡ ಗೋಡೆಯಂತಿರದೆ ಇಳಿಜಾರಿನಂತಿರುತ್ತದೆ. ಇನ್ನೂ ಕಿರಿಕಿರಿಯ ಸಂಗತಿಯೆಂದರೆ, ಎರಡು ಕಂಪನಾಂಕಗಳು ಸೇರಿ ಯಾರೂ ಬಿತ್ತರಿಸದ ಮೂರನೆಯದನ್ನು ಹುಟ್ಟಿಸುವುದು. ಒಂದೇ ಟವರ್‌ನ ಮೇಲೆ 154.100 ಮತ್ತು 154.400 ಮೆಗಾಹರ್ಟ್ಸ್‌ನ ಎರಡು ಟ್ರಾನ್ಸ್‌ಮಿಟರ್‌ಗಳಿವೆ ಎನ್ನೋಣ. ಒಂದರ ಶಕ್ತಿ ಇನ್ನೊಂದರ ಒಳಗೆ ನುಗ್ಗಿ ಬೆರೆತರೆ, ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದ ಜಾಗದಲ್ಲಿ ಹೊಸ ಸಂಕೇತ ಮೂಡುತ್ತದೆ. ಅಂದರೆ 154.700ರಲ್ಲೊಂದು, 153.800ರಲ್ಲೊಂದು. 154.700ರಲ್ಲಿ ಯಾರದೋ ರಿಸೀವರ್ ಕೂತಿದ್ದರೆ ಅದಕ್ಕೆ ದೆವ್ವ ಮಾತಾಡಿದಂತೆ. ಬೆರೆಯಲು ಯಂತ್ರವೇ ಬೇಕೆಂದಿಲ್ಲ. ತುಕ್ಕು ಹಿಡಿದ ಬೋಲ್ಟು, ಸಡಿಲಾದ ತಂತಿಬೇಲಿಯ ಗಂಟು ಕೂಡ ಸಾಕು. ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದಾಗ ಹುಟ್ಟುವಂಥವೂ ಸೇರಿ, ಮೂರು ಕಂಪನಾಂಕಗಳಿದ್ದರೆ ಈ ಬಗೆಯ ಸಂಯೋಗ 9, ಹತ್ತಿದ್ದರೆ 450. ಜನಪ್ರಿಯ ಬೆಟ್ಟವೊಂದರ ಮೇಲೆ ಹನ್ನೊಂದನೆಯವನಾಗಿ ಹೋಗಲು ಅರ್ಜಿ ಹಾಕಿದವನಿಗೆ ಉತ್ತರ ಬರಲು ಯಾಕೆ ತಡವಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ‘ಟೋನ್’ ಹಾಕಿದರಾಯಿತಲ್ಲ ಎನ್ನುವವರು ಬಹಳ. ಮಾತಿನ ಅಡಿಯಲ್ಲಿ 67ರಿಂದ 254 ಹರ್ಟ್ಸ್‌ನ ನಡುವಿನ ಒಂದು ಸಣ್ಣ ಗುಂಯ್‌ಗುಡುವಿಕೆಯನ್ನು ಸೇರಿಸಿ ಕಳಿಸುವುದು, ಆ ಗುರುತಿಲ್ಲದ ಸಂಕೇತ ಬಂದರೆ ಸ್ಪೀಕರ್ ಮುಚ್ಚಿಕೊಳ್ಳುವುದು. ಬೇರೆಯವರ ಹರಟೆ ಕೇಳಿಸದಂತೆ ಮಾಡಲು ಇದು ಚೆನ್ನಾದ ಉಪಾಯ. ಅಡಚಣೆಗೆ ಮದ್ದಲ್ಲ. ಕಿವಿ ಮುಚ್ಚಿಕೊಂಡರೆ ಗದ್ದಲ ನಿಂತಂತಾಗುವುದಿಲ್ಲ; ನಿಮ್ಮವರು ಮಾತಾಡುವಾಗ ರಿಸೀವರ್‌ನೊಳಗೆ ಒಂದು ಸಂಕೇತ ಇನ್ನೊಂದನ್ನು ಕೆಡಿಸುವುದು ಮೊದಲಿನಂತೆಯೇ ಇರುತ್ತದೆ. ಜೊತೆಗೆ ಚಾನೆಲ್ ಖಾಲಿ ಇದೆಯೆಂದು ಭ್ರಮಿಸಿ ಮತ್ತೊಬ್ಬರ ಮಾತಿನ ಮೇಲೆ ಗುಂಡಿ ಒತ್ತುವ ಅಪಾಯ ಹೆಚ್ಚುತ್ತದೆ.

ಲೆಕ್ಕ ಸರಿಬಂದರೆ ಸಮನ್ವಯಕಾರ ಅಕ್ಕಪಕ್ಕದ ಆಪರೇಟರ್‌ಗಳಿಗೆ, ಗಡಿಯಾಚೆ ಬೇರೆ ಸಮನ್ವಯಕಾರನಿದ್ದರೆ ಅವನಿಗೂ ತಿಳಿಸಿ, ಆಕ್ಷೇಪಕ್ಕೆ ಕಾಲಾವಕಾಶ ಕೊಡುತ್ತಾನೆ. ಆಕ್ಷೇಪ ಬಂದರೆ ಚೌಕಾಸಿ: ಆಂಟೆನಾ ಹತ್ತು ಮೀಟರ್ ಕೆಳಗಿಳಿಸುತ್ತೀರಾ, ಶಕ್ತಿ ಅರ್ಧ ಮಾಡುತ್ತೀರಾ, ಆ ದಿಕ್ಕಿಗೆ ಹರಡದ ಆಂಟೆನಾ ಹಾಕುತ್ತೀರಾ. ಒಪ್ಪಿಗೆಯಾದದ್ದು ದಾಖಲೆಗೆ ಹೋಗುತ್ತದೆ. ಈ ದಾಖಲೆಯ ಬಲ ಏನು? ಅದು ಒಡೆತನವಲ್ಲ, ಕಂಪನಾಂಕಕ್ಕೆ ಪಟ್ಟಾ ಇಲ್ಲ. ಅಮೆರಿಕದ ಹ್ಯಾಮ್ ನಿಯಮ ಇದನ್ನು ಚೊಕ್ಕವಾಗಿ ಹೇಳುತ್ತದೆ: ಎರಡು ರಿಪೀಟರ್‌ಗಳು ಪರಸ್ಪರ ಕೆಡಿಸಿಕೊಂಡರೆ ಸರಿಪಡಿಸುವ ಹೊಣೆ ಇಬ್ಬರದೂ ಸಮ. ಆದರೆ ಒಬ್ಬನಿಗೆ ಸಮನ್ವಯಕಾರನ ಶಿಫಾರಸು ಇದ್ದು ಇನ್ನೊಬ್ಬನಿಗೆ ಇಲ್ಲದಿದ್ದರೆ, ಮುಖ್ಯ ಹೊಣೆ ಇಲ್ಲದವನದು. ಸಮನ್ವಯಕಾರ ಪೊಲೀಸನಲ್ಲ, ಯಾರ ಯಂತ್ರವನ್ನೂ ಅವನು ಆರಿಸಲಾರ. ಜಗಳ ಬಂದ ದಿನ ಯಾರು ಮೊದಲು ಜಾಗ ಬಿಡಬೇಕೆಂಬುದು ಅವನ ಕಡತದಲ್ಲಿ ಮೊದಲೇ ಬರೆದಿರುತ್ತದೆ, ಅಷ್ಟೆ.

ಲೈಸೆನ್ಸ್ ಇದ್ದೂ, ನಿಯಮ ಪಾಲಿಸಿಯೂ ಕೆಡುವುದುಂಟು. ಅಮೆರಿಕದ 800 ಮೆಗಾಹರ್ಟ್ಸ್ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ಪೊಲೀಸ್ ಮತ್ತು ಅಗ್ನಿಶಾಮಕದವರ ಚಾನೆಲ್‌ಗಳು ಹಾಗೂ ನೆಕ್ಸ್‌ಟೆಲ್ ಎಂಬ ಮೊಬೈಲ್ ಕಂಪನಿಯ ಚಾನೆಲ್‌ಗಳು ಅಲ್ಲಿ ಒಂದರ ಪಕ್ಕ ಒಂದು ಹೆಣೆದುಕೊಂಡಿದ್ದವು. ಪೊಲೀಸರ ಜಾಲ ಹಳೆಯ ಮಾದರಿಯದು, ದೂರದ ಎತ್ತರದ ಒಂದು ಟವರ್‌ನಿಂದ ಊರಿಗೆಲ್ಲ. ಮೊಬೈಲ್‌ನದು ಬೀದಿಬೀದಿಗೂ ಕುಳ್ಳ ಟವರ್. ಮೊಬೈಲ್ ಟವರ್‌ನ ಬುಡದಲ್ಲಿ ನಿಂತ ಪೊಲೀಸನಿಗೆ ತನ್ನ ದೂರದ ಟವರ್ ಕೇಳಿಸುವುದು ನಿಲ್ಲುತ್ತಿತ್ತು. ಟೈಟಾನಿಕ್‌ನ ಪಕ್ಕದ ಹಡಗು ಕೂಗಿದ್ದು ನೆನಪಾಯಿತೇ? ಇಲ್ಲಿ ಯಾರೂ ಕಾನೂನು ಮುರಿದಿರಲಿಲ್ಲ. ಕಡೆಗೆ 2004ರಲ್ಲಿ ಎರಡನ್ನೂ ಬೇರ್ಪಡಿಸಲು ಆದೇಶವಾಯಿತು. ದೇಶದ ಉದ್ದಗಲಕ್ಕೂ ರೇಡಿಯೊಗಳನ್ನು ಮರುಹೊಂದಿಸಿ ಆ ಕೆಲಸ ಮುಗಿಸಲು ಒಂದೂವರೆ ದಶಕ ಹಿಡಿಯಿತು. ಒಂದೇ ಪಟ್ಟಿಯಲ್ಲಿ ಎರಡು ಬಗೆಯ ಜಾಲಗಳನ್ನು ಬೆರೆಸುವ ಮೊದಲು ಕಾಗದದ ಮೇಲೆ ಕಳೆಯಬಹುದಾಗಿದ್ದ ಕೆಲವು ತಿಂಗಳು ಎಷ್ಟು ಅಗ್ಗವಾಗಿರುತ್ತಿದ್ದವು!

ಉಪಗ್ರಹಗಳಲ್ಲಿ ಈ ಆಟದ ಪಣ ಇನ್ನೂ ದೊಡ್ಡದು. ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದ ಒಂದೇ ಒಂದು ಉಂಗುರದಲ್ಲಿ ಮಾತ್ರ ಉಪಗ್ರಹ ಆಕಾಶದಲ್ಲಿ ನಿಂತಂತೆ ಕಾಣುತ್ತದೆ. ಅಲ್ಲಿ ನೆರೆಹೊರೆಯವರು ಒಂದೇ ಕಂಪನಾಂಕ ಬಳಸಿದರೂ ನೆಲದ ಡಿಶ್ ಸರಿಯಾಗಿ ಗುರಿಯಿಟ್ಟರೆ ಎರಡು ಡಿಗ್ರಿ ಅಂತರದಲ್ಲೂ ಬದುಕಬಹುದು. ಹೊಸ ಉಪಗ್ರಹದ ಅರ್ಜಿ ಒಕ್ಕೂಟಕ್ಕೆ ಹೋದಾಗ ಹಳಬರ ಮೇಲಾಗುವ ಪರಿಣಾಮದ ಲೆಕ್ಕ ಹಾಕುತ್ತಾರೆ. ಹಳೆಯ ಉಪಗ್ರಹಕ್ಕೂ ನೆಲಕ್ಕೂ ನಡುವಿನ ರೇಡಿಯೊ ಕೊಂಡಿಯ ಸಹಜ ಗದ್ದಲ ಶೇ 6ಕ್ಕಿಂತ ಹೆಚ್ಚು ಏರುವಂತಿದ್ದರೆ ಎರಡೂ ಕಡೆಯವರು ಕೂತು ಮಾತಾಡಲೇಬೇಕು. ಅರ್ಜಿ ಹಾಕಿ ಏಳು ವರ್ಷದೊಳಗೆ ಉಪಗ್ರಹ ಕೆಲಸ ಮಾಡುತ್ತಿರಬೇಕು. ಈ ಗಡುವು ಸುಮ್ಮನೆ ಬಂದದ್ದಲ್ಲ. ಮೊದಲು ಬಂದವನಿಗೆ ಮೊದಲ ಹಕ್ಕು ಎಂದಾಗ ಅರ್ಜಿಯಲ್ಲಷ್ಟೇ ಇರುವ ಕಾಗದದ ಉಪಗ್ರಹಗಳು ಹುಟ್ಟುತ್ತವೆ. 1980ರ ದಶಕದ ಕೊನೆಯಲ್ಲಿ ಪೆಸಿಫಿಕ್‌ನ ಪುಟ್ಟ ದ್ವೀಪದೇಶ ಟೋಂಗಾ 16 ಸ್ಥಾನಗಳಿಗೆ ಅರ್ಜಿ ಹಾಕಿತ್ತು. ಉಳಿದವರಿಗೆ ಗುತ್ತಿಗೆ ಕೊಡುವ ವ್ಯಾಪಾರವದು ಎಂದು ಗಲಾಟೆಯಾಯಿತು, ಸಂಖ್ಯೆ ಇಳಿಸಬೇಕಾಯಿತು.

ಯೋಜನೆಯೆಲ್ಲ ತಲೆಕೆಳಗಾದಾಗ ಏನಾಗುತ್ತದೆ ಎಂಬುದಕ್ಕೆ 2010ರ ಗ್ಯಾಲಕ್ಸಿ 15 ಸಾಕ್ಷಿ. ಇಂಟೆಲ್‌ಸ್ಯಾಟ್‌ನ ಈ ಉಪಗ್ರಹ ಏಪ್ರಿಲ್‌ನಲ್ಲಿ ನೆಲದ ಆಜ್ಞೆ ಕೇಳುವುದನ್ನು ನಿಲ್ಲಿಸಿತು. ಸತ್ತಿದ್ದರೆ ಚಿಂತೆಯಿರಲಿಲ್ಲ, ಅದರ ಟ್ರಾನ್ಸ್‌ಮಿಟರ್‌ಗಳು ಪೂರ್ತಿ ಶಕ್ತಿಯಲ್ಲಿ ಬದುಕಿದ್ದವು, ಉಪಗ್ರಹ ಮಾತ್ರ ತನ್ನ ಜಾಗದಿಂದ ನಿಧಾನವಾಗಿ ಪೂರ್ವಕ್ಕೆ ತೇಲತೊಡಗಿತು. ಯಾವ ಸಂಕೇತ ಕಿವಿಗೆ ಬಿದ್ದರೂ ಅದನ್ನು ಕೆಳಗೆ ಮರುಬಿತ್ತರಿಸುವ ಸ್ಥಿತಿ. ದಾರಿಯಲ್ಲಿ ಎದುರಾಳಿ ಕಂಪನಿ ಎಸ್‌ಇಎಸ್‌ನ ಎಎಂಸಿ 11 ಉಪಗ್ರಹ, ಅದೇ ಕಂಪನಾಂಕಗಳು. ಎರಡೂ ಕಂಪನಿಗಳ ಎಂಜಿನಿಯರ್‌ಗಳು ಒಟ್ಟಿಗೆ ಕೂತು ದಿನದಿನದ ಲೆಕ್ಕ ಹಾಕಿದರು. ಎಎಂಸಿ 11 ಸ್ವಲ್ಪ ಸರಿದುಕೊಂಡಿತು. ಕಾರ್ಯಕ್ರಮಗಳನ್ನು ದೊಡ್ಡ ಆಂಟೆನಾದ ಮೂಲಕ ಕಳಿಸಿದರು. ಆಂಟೆನಾ ದೊಡ್ಡದಾದಷ್ಟೂ ಅದರ ಕಿರಣ ಸಪೂರ, ಪಕ್ಕದಲ್ಲಿ ಹಾಯುತ್ತಿರುವ ಉಪಗ್ರಹಕ್ಕೆ ತಾಗುವುದು ಕಡಿಮೆ. ಟಿವಿ ನೋಡುವವರಿಗೆ ಇದಾವುದರ ಸುಳಿವೂ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಬ್ಯಾಟರಿ ಬರಿದಾಗಿ ಗ್ಯಾಲಕ್ಸಿ ತಾನೇ ಆರಿ ಮತ್ತೆ ಹೊತ್ತಿಕೊಂಡು, ಆಜ್ಞೆ ಪಾಲಿಸತೊಡಗಿತು.

ಶಾರ್ಟ್‌ವೇವ್‌ನವರ ಕಥೆ ನನಗೆ ಇಷ್ಟವಾದದ್ದು. ಆ ಅಲೆಗಳು ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವಾದ ಅಯಾನುಗೋಳಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಹಾರುತ್ತವೆ. ಹಗಲಿಗೊಂದು, ರಾತ್ರಿಗೊಂದು, ಬೇಸಿಗೆಗೊಂದು, ಚಳಿಗೊಂದು ದಾರಿ, ಸೂರ್ಯನ ಹನ್ನೊಂದು ವರ್ಷದ ಚಕ್ರಕ್ಕೆ ಮತ್ತೊಂದು. ಒಮ್ಮೆಗೇ ಮುಗಿಸುವ ಹಂಚಿಕೆ ಇಲ್ಲಿ ನಡೆಯುವುದಿಲ್ಲ. ಶೀತಲ ಸಮರದ ಕಾಲದಲ್ಲಿ ಪೂರ್ವದವರು ಪಶ್ಚಿಮದ ಬಾನುಲಿಗಳ ಮೇಲೆ ಬೇಕೆಂದೇ ಗದ್ದಲ ಸುರಿಯುತ್ತಿದ್ದರು. ಆ ಕಾಲ ಮುಗಿಯುತ್ತಿದ್ದಂತೆ, 1990ರ ದಶಕದ ಆರಂಭದಲ್ಲಿ ಎರಡೂ ಕಡೆಯ ಬಾನುಲಿಗಳ ಕಂಪನಾಂಕ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂತರು. ಇಂದಿಗೂ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರಗಳಿಂದ ಶುರುವಾಗುವ ಎರಡು ಋತುಗಳಿಗೆ ವರ್ಷಕ್ಕೆರಡು ಬಾರಿ ವೇಳಾಪಟ್ಟಿ ಹೊಂದಿಸುತ್ತಾರೆ.

ಇನ್ನು ದೇಶಗಳ ಗಡಿ. ಅಲ್ಲಿ ಮೊಬೈಲ್ ಜಾಲಗಳ ನಡುವೆ ಕಂಪನಾಂಕ ಹಂಚಿಕೊಂಡರಷ್ಟೇ ಸಾಲದು, ಗಡಿಯಾರವೂ ಹೊಂದಬೇಕು. ಒಂದೇ ಕಂಪನಾಂಕದಲ್ಲಿ ಸರದಿಯಂತೆ ಕಳಿಸುವ, ಕೇಳುವ 5ಜಿ ಜಾಲಗಳಲ್ಲಿ ಈ ಕಡೆಯವರು ಕೇಳುವ ಹೊತ್ತಿಗೆ ಆ ಕಡೆಯವರು ಕೂಗಬಾರದು. ಅದಕ್ಕಾಗಿ ಟವರ್‌ಗಳ ಗಡಿಯಾರಗಳು ಒಂದೂವರೆ ಮೈಕ್ರೊಸೆಕೆಂಡಿನೊಳಗೆ ತಾಳೆಯಾಗುವಂತೆ ನೋಡಿಕೊಳ್ಳುತ್ತಾರೆ.

ಈಗೀಗ ಸಮನ್ವಯಕಾರನ ಜಾಗಕ್ಕೆ ಕಂಪ್ಯೂಟರ್ ಬರುತ್ತಿದೆ. ಅಮೆರಿಕದಲ್ಲಿ 3.5 ಗಿಗಾಹರ್ಟ್ಸ್ ಸುತ್ತಲಿನ ಒಂದು ಪಟ್ಟಿಯನ್ನು ನೌಕಾಪಡೆಯ ರೇಡಾರ್ ಮತ್ತು ಖಾಸಗಿ ಜಾಲಗಳು ಹಂಚಿಕೊಂಡಿವೆ. ಕರಾವಳಿಯ ಸಂವೇದಕಗಳು ರೇಡಾರ್ ಸುಳಿವು ಹಿಡಿದರೆ, ಕೇಂದ್ರದ ತಂತ್ರಾಂಶ ಆ ಭಾಗದ ಟವರ್‌ಗಳನ್ನು ಬೇರೆ ಚಾನೆಲ್‌ಗೆ ಓಡಿಸುತ್ತದೆ. 6 ಗಿಗಾಹರ್ಟ್ಸ್‌ನ ಹೆಚ್ಚು ಶಕ್ತಿಯ ವೈ-ಫೈ ಕೂಡ ಹೀಗೆಯೇ. ಪೆಟ್ಟಿಗೆ ತಾನಿರುವ ಸ್ಥಳ ತಿಳಿಸಿ, ಟವರ್‌ನಿಂದ ಟವರ್‌ಗೆ ಮಾಹಿತಿ ಸಾಗಿಸುವ ಸುತ್ತಲಿನ ಮೈಕ್ರೊವೇವ್ ಕೊಂಡಿಗಳಿಗೆ ತೊಂದರೆಯಾಗದ ಚಾನೆಲ್ ಯಾವುದೆಂದು ಕೇಳಿಯೇ ಕೆಲಸ ಶುರುಮಾಡಬೇಕು. ಅಂಥ ವ್ಯವಸ್ಥೆಗಳಿಗೆ ಅಲ್ಲಿ 2024ರಲ್ಲಿ ಅನುಮತಿ ಸಿಕ್ಕಿತು. ವಾರಗಟ್ಟಲೆ ಹಿಡಿಯುತ್ತಿದ್ದ ಪತ್ರವ್ಯವಹಾರ ಕ್ಷಣದಲ್ಲಿ ಮುಗಿಯುತ್ತದೆ.

ಆದರೆ ಕಂಪ್ಯೂಟರ್ ನೋಡುವುದೂ ಸ್ಟೇಷನ್‌ಗಳ ಅದೇ ಹಳೆಯ ದಾಖಲೆಯನ್ನೇ, ದಾಖಲೆ ತಪ್ಪಿದ್ದರೆ ಉತ್ತರವೂ ತಪ್ಪು. ಸಮನ್ವಯಕಾರರ ಕಡತಗಳಲ್ಲಿ ಸೇರುವ ಕೊಳೆ ಇಂಥದ್ದೇ: ಅಕ್ಷಾಂಶದ ಒಂದಂಕಿ ಅದಲುಬದಲಾಗಿ ಬೆಟ್ಟದಿಂದ ಕೆರೆಗೆ ಜಿಗಿದ ಟವರ್, ಯಾರಿಗೂ ಹೇಳದೆ ಮೂವತ್ತು ಮೀಟರ್ ಮೇಲೇರಿದ ಆಂಟೆನಾ, ವರ್ಷಗಳ ಹಿಂದೆ ಸಿಡಿಲು ಬಡಿದು ಸುಟ್ಟುಹೋದರೂ ಕಾಗದದಲ್ಲಿ ಇನ್ನೂ ಮಾತಾಡುತ್ತಿರುವ ರಿಪೀಟರ್. ಅದಕ್ಕೇ ಆಗಾಗ ಎಲ್ಲ ಆಪರೇಟರ್‌ಗಳಿಗೂ ಒಂದು ಪತ್ರ ಹೋಗುತ್ತದೆ: ನಿಮ್ಮ ಸ್ಟೇಷನ್ ಇನ್ನೂ ಇದೆಯೇ, ಇದ್ದರೆ ಅದೇ ಜಾಗದಲ್ಲಿ ಅದೇ ಶಕ್ತಿಯಲ್ಲಿ ಇದೆಯೇ, ಇಂತಿಷ್ಟು ದಿನದೊಳಗೆ ತಿಳಿಸಿ. ಉತ್ತರ ಬಾರದ ಸ್ಟೇಷನ್‌ನ ಹೆಸರಿಗೆ ಗೆರೆ ಎಳೆದು, ಆ ಚಾನೆಲ್‌ಗಾಗಿ ಕಾಯುತ್ತಿರುವವರ ಪಟ್ಟಿ ತೆರೆಯುತ್ತಾರೆ.